ಸಪ್ಪಳಿಲ್ಲದ ಕೆಲಸ

ಆಕೆಯ ಬಾಯಿಯ ಎಡಮೂಲೆಯಲ್ಲಿ ಯಾವಾಗಲೂ ಒಂದು ಸೂಜಿ ಇರುತ್ತಿತ್ತು. ಮಾತು ಬರುತ್ತಿದ್ದದ್ದು ಬಲಮೂಲೆಯಿಂದ. ಬೈಯುವಾಗ, ನಗುವಾಗ, ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕುತ್ತ ಅಳತೆಗೆ ಬಂದವಳಿಗೆ "ಉಸರ ಬಿಡವ್ವಾ, ನೀ ಹೊಟ್ಟಿ ಎಳಕೊಂಡ್ರ ಕುಬಸಾನೂ ಎಳಕೋತೈತೇನ?" ಎಂದು ಗದರುವಾಗಲೂ ಆ ಸೂಜಿ ಅಲುಗುತ್ತಿರಲಿಲ್ಲ. ಹೊಸದಾಗಿ ನೋಡಿದವರು, ಈಗ ನುಂಗಿಯೇಬಿಟ್ಟಳು ಎಂದು ಹೆದರುತ್ತಿದ್ದರು. ಎಡಗೈಯ ತೋರುಬೆರಳಿನ ತುದಿ ಚುಚ್ಚಿ ಚುಚ್ಚಿ ಕಟಕು ರೊಟ್ಟಿಯ ಅಂಚಿನಂತೆ ಒರಟಾಗಿತ್ತು. ಕುಬಸಕ್ಕೆಂದು ತಂದ ಗುಳೇದಗುಡ್ಡದ ಹೊಸ ಖಣ ಸವರಿ ನೋಡಿದರೆ ರೇಶಿಮೆಯ ಎಳೆ ಆ ಬೆರಳಿಗೆ ಸಿಕ್ಕಿ ಸರಕ್ಕೆನ್ನುತ್ತಿತ್ತು.

ಓಣಿಯೆಲ್ಲ ಆಕೆಯನ್ನು ಖಾಲಾ ಎನ್ನುತ್ತಿತ್ತು. ಆಕೆಯ ತಂಗಿಯ ಮಕ್ಕಳು ಕರೆದದ್ದನ್ನೇ ನಾವೂ ಹಿಡಿದಿದ್ದೆವು. ಬಾಗಲಕೋಟೆಯಲ್ಲಿ ಹೊಳೆಗೆ ಇಳಿಯುವ ಓಣಿ ಅದು. ನಮ್ಮಣ್ಣನ ಮನೆಗೂ ಆಕೆಯ ಮನೆಗೂ ನಡುವೆ ಎದೆಮಟ್ಟದ ಹಿತ್ತಲ ಗೋಡೆ. ನಾನು ಹುನಗುಂದದ ಗಂಡನ ಮನೆಯಿಂದ, ಗಂಡ ತೀರಿದ ಮೇಲೆ, ಅಣ್ಣನ ಮನೆಗೆ ಬಂದು ಸೇರಿದವಳು. ಮಕ್ಕಳಿರಲಿಲ್ಲ. ಇಪ್ಪತ್ತು ಇನ್ನೂ ತುಂಬಿರಲಿಲ್ಲ. ಅಣ್ಣ ಹತ್ತಿಯ ಅಡತಿ ಅಂಗಡಿಯಲ್ಲಿ ಗುಮಾಸ್ತ, ಒಳ್ಳೆಯವನು. ಅವನ ಹೆಂಡತಿ, ನಮ್ಮ ವೈನಿ, ಆಕೆಯೂ ಕೆಟ್ಟವಳಲ್ಲ. ಆದರೂ ತಿನ್ನುವ ರೊಟ್ಟಿ ಯಾರದೆಂಬುದು ನನಗೆ ತುತ್ತು ತುತ್ತಿಗೂ ನೆನಪಾಗುತ್ತಿತ್ತು. ಕೆಲಸ ಮುಗಿದ ಮೇಲೆ ಆ ಗೋಡೆಗೆ ಆತು ನಿಂತು, ಖಾಲಾ ಹೊಲಿಯುವುದನ್ನು ನೋಡುವುದೊಂದೇ ನನಗೆ ಸಮಾಧಾನ.

ಖಾಲಾನ ಗಂಡನೂ ದರ್ಜಿಯೇ. ಪೇಟೆಯಲ್ಲಿ ಒಬ್ಬ ಅರಿವೆ ಸಾವಕಾರನ ಅಂಗಡಿಯ ಕಟ್ಟೆಯ ಮೇಲೆ ಕೂತು ಕೋಟು, ಅಂಗಿ ಹೊಲಿಯುತ್ತಿದ್ದ. ಸಾವಕಾರ ಮಶೀನು ತರಿಸಿದ ಮೇಲೆ ಆತನ ನಡಿಗೆಯೇ ಬೇರೆಯಾಯಿತು. ಮುಂಜಾನೆ ರುಮಾಲು ಸುತ್ತಿಕೊಂಡು ಹೊರಟರೆ ಓಣಿಯವರು "ಕೆಲಸಕ್ಕ ಹೊಂಟ್ರೇನ್ರಿ?" ಎನ್ನುತ್ತಿದ್ದರು. ಸಂಜೆ ಬಂದು ಕಾಲು ತೊಳೆದು, ನಮಾಜು ಮುಗಿಸಿ, ಚಹ ಕುಡಿದು ಕಟ್ಟೆಗೆ ಕೂತನೆಂದರೆ ಆತನ ದಿನ ಮುಗಿಯಿತು.

ಖಾಲಾನ ದಿನಕ್ಕೆ ತುದಿ ಬುಡ ಇರಲಿಲ್ಲ. ಹಾಸಿಗೆ ಹಿಡಿದ ಅತ್ತೆ ಪಡಸಾಲೆಯ ಒಂದು ಕಡೆ, ಖಾಲಾ ಇನ್ನೊಂದು ಕಡೆ. ಒಂದು ತೋಳು ಕೂಡಿಸುವಷ್ಟರಲ್ಲಿ ಅತ್ತೆಗೆ ನೀರು, ಇನ್ನೊಂದು ತೋಳಿಗೆ ಕೈ ಹಚ್ಚುವಷ್ಟರಲ್ಲಿ ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ನಡುವೆ ಹೆಂಗಸರು. ಮದುವೆಯವರು, ಬಾಣಂತಿಯರು, ಶಿರೂರಿನಿಂದ ಸಂತೆಗೆ ಬಂದವರು. ಬಂದವರು ಕುಬಸ ಕೊಟ್ಟು ಹೋಗುತ್ತಿದ್ದರೇ? ಸೊಸೆಯ ದೂರು, ಅತ್ತೆಯ ದೂರು ಎಲ್ಲ ಹೇಳಿ, ಎಲೆ ಅಡಿಕೆ ಹಾಕಿಕೊಂಡು, "ನೀ ಮನ್ಯಾಗ ಇರ್ತೀಯಲ್ಲ, ನಿನಗೇನ ಅವಸರ" ಅನ್ನುತ್ತಿದ್ದರು. ಅಂಗಡಿಯಲ್ಲಾದರೆ ಕೂಲಿ ಇಟ್ಟು ಬಟ್ಟೆ ಎತ್ತಬೇಕು. ಇಲ್ಲಿ ಕೆಲವರು ಸೇರು ಜೋಳ ತಂದರು, ಕೆಲವರು ಬರೀ ನಗು ತಂದರು.

"ಮತ್ತ್ಯಾಕ ಮಾಡ್ತೀ?" ಎಂದು ಒಂದು ದಿನ ಗೋಡೆಯ ಮೇಲಿಂದ ಕೇಳಿದೆ.

"ಯಾಕಂದ್ರ, ಇಲ್ಲೆ ಯಾರೂ ನನಗ ಏಳು ಅನ್ನಂಗಿಲ್ಲ, ಕೂಡು ಅನ್ನಂಗಿಲ್ಲ. ನಮ್ಮ ಅತ್ತಿ ಕೆಮ್ಮಿದ್ರ ಸೂಜಿ ಇಟ್ಟು ಏಳ್ತೇನಿ. ಅಂಗಡ್ಯಾಗ ಆ ಮನಶಾಗ ಅವರ ಅವ್ವ ಕೆಮ್ಮೂದು ಕೇಳಸ್ತೈತೇನ?"

ಆಕೆಯ ತವರು ಇಳಕಲ್ಲು. ಅಲ್ಲಿ ತಂದೆ ತಾಯಿ ಇಬ್ಬರೂ ಮಗ್ಗಕ್ಕೆ ದುಡಿದವರು. ಅದನ್ನು ನೆನೆದಾಗ ಮಾತ್ರ ಖಾಲಾನ ದನಿ ಸ್ವಲ್ಪ ಇಳಿಯುತ್ತಿತ್ತು. "ನಮ್ಮ ತವರಾಗ ಮಗ್ಗದ ಸಪ್ಪಳ ನಿಂತ್ರ ಬಾಜೂ ಮನಿಯವ್ರು ಓಡಿ ಬರ್ತಿದ್ರು, ಯಾಕ, ಏನಾತು ಅಂತ. ಕೆಲಸ ನಡದೈತಿ ಅಂತ ಊರಿಗೆಲ್ಲ ಕೇಳಸ್ತಿತ್ತು. ಸೂಜಿಗಿ ಸಪ್ಪಳಿಲ್ಲ ನೋಡು."

ಇದು ಎಷ್ಟು ಖರೆ ಎಂಬುದು ನನಗೆ ತಿಳಿದದ್ದು ಖಾನೇಸುಮಾರಿಯವರು ಬಂದ ದಿನ. ಸರಕಾರ ಮನೆ ಮನೆಯ ಜನರನ್ನು ಎಣಿಸುತ್ತದೆ ಎಂದು ಡಂಗುರ ಹೊಡೆಸಿದ್ದರು. ಸಾಲಿಯ ಮಾಸ್ತರರೊಬ್ಬರು ಬರೆದುಕೊಳ್ಳಲು ಬಂದರು. ಖಾಲಾನ ಮನೆಯ ಕಟ್ಟೆಯ ಮೇಲೆ ಕೂತು, ಗಂಡನನ್ನು ಕೇಳಿದರು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ.

"ಉದ್ಯೋಗ?"

"ದರ್ಜಿ."

"ಹೆಂಡತಿ?"

"ಆಕಿ ಏನೂ ಮಾಡಂಗಿಲ್ರಿ. ಮನಿಯಾಗ ಇರತಾಳ."

ಆತ ಕೆಡುಕಿನಿಂದ ಹೇಳಲಿಲ್ಲ. ಹೊಳೆಯಲ್ಲಿ ನೀರಿದೆ ಎನ್ನುವಷ್ಟು ಸಹಜವಾಗಿ ಹೇಳಿದ. ಮಾಸ್ತರರು ಲೆಕ್ಕಣಿಕೆ ಮಸಿಗೆ ಅದ್ದಿದರು. ಆಗ ಪರದೆಯ ಹಿಂದಿನಿಂದ ದನಿ ಬಂತು.

"ಮಾಸ್ತರ, ಹೋದ ತಿಂಗಳ ನಿಮ್ಮ ಮನಿಯವ್ರ ಕುಬಸ ಯಾರ ಹೊಲದಾರ ಅಂತ ಕೇಳಿ ಬರ್ರಿ. ಆಮ್ಯಾಲ ಬರಕೋರಿ."

ಮಾಸ್ತರರು ಕೆಮ್ಮಿದರು. ಗಂಡ ನೆಲ ನೋಡಿದ. ಓಣಿಯ ಎರಡೂ ಬದಿಯ ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾಸ್ತರರು ಏನು ಬರೆದರೋ ಕಾಣೆ. ಆದರೆ ಆ ದಿನ ಖಾಲಾ ಗಂಡನಿಗೆ ಚಹ ಕೊಡಲಿಲ್ಲ. ಆತ ತಾನೇ ಒಲೆಯ ಮುಂದೆ ಕೂತು ಮಾಡಿಕೊಂಡ.

ಮರುದಿನ ನಾನು ಗೋಡೆಯ ಮೇಲಿಂದ ಕೈ ಚಾಚಿದೆ. "ನನಗೂ ಕಲಸು."

ಖಾಲಾ ಕೂಡಲೇ ಹೂಂ ಅನ್ನಲಿಲ್ಲ. ಬಾಯಿಂದ ಸೂಜಿ ತೆಗೆದಳು. ಆಕೆ ಸೂಜಿ ತೆಗೆದು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಕಲಸ್ತೇನಿ. ಆದ್ರ ಮೊದಲ ಎರಡೂ ಕೇಳು. ಒಳ್ಳೇದೇನಂದ್ರ, ನೀ ಹೊಸ್ತಿಲಾ ದಾಟಬೇಕಾಗಿಲ್ಲ, ಯಾರ ಮುಂದೂ ನಿಂದರಬೇಕಾಗಿಲ್ಲ. ಜೀವಕ್ಕ ಬ್ಯಾಸರಾದ ದಿನ ಬಾಗಲಾ ಹಾಕ್ಕೊಂಡು ಅಳಕೋತ ಹೊಲದ್ರೂ ಹೊಲಿಗಿ ಸೊಟ್ಟ ಆಗ್ಲಿಲ್ಲಂದ್ರ ಸಾಕು. ಕೆಟ್ಟದ್ದಂದ್ರ, ನೀ ದಣದೀದಿ ಅಂತ ಯಾರಿಗೂ ತಿಳ್ಯಂಗಿಲ್ಲ. ನಿನ್ನ ಜೋಡಿ ಕುಂತು ಹೊಲ್ಯಾವ್ರು ಯಾರೂ ಇರಂಗಿಲ್ಲ. ಚಲೋ ಆತು ಅನ್ನಾವ್ರೂ ಇಲ್ಲ, ಕೆಟ್ಟಿತು ಅನ್ನಾವ್ರೂ ಇಲ್ಲ. ಒಬ್ಬಾಕಿನ ಇರಬೇಕು. ಆಗ್ತೈತಿ?"

"ಹ್ಯಾಂಗೂ ಒಬ್ಬಾಕಿನ ಅದೀನಿ" ಅಂದೆ.

ಆಕೆ ನನ್ನ ಮುಖ ನೋಡಿದಳು. ಸೂಜಿಯನ್ನು ಮತ್ತೆ ಬಾಯಿಗಿಟ್ಟುಕೊಂಡಳು.

ಅಣ್ಣ ಒಪ್ಪಲಿಲ್ಲ. ಆಗ ಖಾಲಾ, ಗೋಡೆಯಾಚೆ ನಿಂತು ವರುಷಗಟ್ಟಲೆ ಮಾತಾಡಿದವಳು, ಮೊದಲ ಬಾರಿ ಬುರಖಾ ಹಾಕಿಕೊಂಡು ನಮ್ಮ ಮುಂಬಾಗಿಲಿಗೆ ಬಂದಳು. ಒಳಗೆ ವೈನಿಯ ಬಳಿ ಕೂತು, ಬಾಗಿಲ ಮರೆಯಿಂದ ಅಣ್ಣನೊಡನೆ ಮಾತಾಡಿದಳು.

"ನಮ್ಮ ಹೆಣಮಗಳು ಮಂದಿ ಅರಿವಿ ಹೊಲದ್ರ ಜನಾ ಏನಂದಾರು?" ಎಂದ ಅಣ್ಣ. ನಾನೇ ಸಾಕಲಾರೆನೇ ಎಂಬ ನೋವು ಆ ಮಾತಿನಲ್ಲಿತ್ತು.

"ಏನೂ ಅನ್ನಂಗಿಲ್ರಿ ಅಣ್ಣಾರ" ಎಂದಳು ಖಾಲಾ. "ಮನ್ಯಾಗ ಕುಂತು ಮಾಡೂ ಕೆಲಸಾನ್ನ ಜನಾ ಕೆಲಸಾ ಅಂತ ತಿಳಿಯೂದ ಇಲ್ಲ. ನಾ ಇಷ್ಟ ವರ್ಷ ಮಾಡೇನಿ, ನನ್ನ ಗಂಡಗ ಗೊತ್ತಿಲ್ಲ!"

ಅಣ್ಣ ನಕ್ಕುಬಿಟ್ಟ. ನಗು ಬಂದ ಮೇಲೆ ಬೇಡ ಎನ್ನುವುದು ಕಷ್ಟ. ನಾನು ಖಾಲಾನ ಪಡಸಾಲೆಯಲ್ಲಿ ಕೂತು ಕಲಿತೆ. ದಾರಕ್ಕೆ ಗಂಟು ಹಾಕಿ ಅಳತೆ ಹಿಡಿಯುವುದು, ಬಗಲಲ್ಲಿ ಖಣದ ಚೌಕ ತುಂಡು ಕೂಡಿಸುವುದು, ಬಾಣಂತಿಗೆ ಸಡಿಲ ಬಿಡುವುದು. ತಪ್ಪಾದರೆ ಆಕೆ ಬೈಯದೆ ಹೊಲಿಗೆ ಬಿಚ್ಚಿ ಮುಂದಿಡುತ್ತಿದ್ದಳು. ಬೈದಿದ್ದರೇ ಲೇಸಿತ್ತು.

ಅಷ್ಟರಲ್ಲಿ ಊರಿಗೆ ಪ್ಲೇಗು ಬಂತು. ಮೊದಲು ಪೇಟೆಯಲ್ಲಿ ಇಲಿ ಬಿದ್ದವು, ಆಮೇಲೆ ಮಂದಿ. ಊರು ಬಿಡಿರೆಂದು ಹುಕುಂ ಆಯಿತು. ಎಲ್ಲರೂ ಶಿರೂರಿನ ದಾರಿಯ ಹೊಲಗಳಲ್ಲಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡೆವು. ಖಾಲಾ ಅತ್ತೆಯನ್ನು ಗಾಡಿಯಲ್ಲಿ ಮಲಗಿಸಿ ತಂದಳು. ಅರಿವೆ ಸಾವಕಾರ ಅಂಗಡಿಗೆ ಕೀಲಿ ಜಡಿದು, ಮಶೀನು ಗಂಟುಗಳ ಸಮೇತ ಗದಗಿನ ಬೀಗರ ಮನೆಗೆ ಹೋಗಿಬಿಟ್ಟ.

ಆಗ ನಾನು ನೋಡಿದ ಖಾಲಾನ ಗಂಡ ಬೇರೆಯೇ ಮನುಷ್ಯ. ಗುಡಿಸಲ ಬಾಗಿಲಲ್ಲಿ ಎರಡೂ ಕೈ ತೊಡೆಯ ಮೇಲಿಟ್ಟು ಕೂತಿರುತ್ತಿದ್ದ. ರುಮಾಲು ಸುತ್ತುವುದನ್ನೂ ಬಿಟ್ಟ. ಇತ್ತ ಖಾಲಾನಿಗೆ ಪುರುಸೊತ್ತಿರಲಿಲ್ಲ. ಬೇನೆ ಬಿದ್ದ ಮನೆಗಳ ಬಟ್ಟೆಬರೆಯನ್ನು ಸರಕಾರದವರು ಸುಟ್ಟುಬಿಡುತ್ತಿದ್ದರು. ಉಟ್ಟ ಸೀರೆಯೊಂದೇ ಉಳಿದ ಹೆಂಗಸರು, ಮೈಮೇಲೆ ಚಿಂದಿಯೂ ಇಲ್ಲದ ಮಕ್ಕಳು. ಖಾಲಾ ಗುಡಿಸಲು ಗುಡಿಸಲಿಗೆ ಹೇಳಿ ಕಳಿಸಿ, ಮಿಕ್ಕ ಖಣದ ಚೂರು, ಹಳೆ ಧೋತರ, ತಲೆಗೆ ಸುತ್ತುವ ಹರಿದ ಪಟಗ ಎಲ್ಲ ತರಿಸಿ, ಕುದಿಯುವ ನೀರಿಗೆ ಹಾಕಿ ಒಣಗಿಸಿ, ಕೂಡಿಸಿ ಹೊಲಿಯತೊಡಗಿದಳು. ನಾನೂ ಕೂತೆ. ಇಬ್ಬರಿಂದ ಸಾಗಲಿಲ್ಲ.

ಗಂಡ ಅಂದ: "ಅಂಗಡಿ ಹ್ವಾದ ಮ್ಯಾಲ ನಾ ಏನ ಮಾಡಲಿ? ನನ್ನ ಕೆಲಸಾನ ಹೋತು."

ಖಾಲಾ ಎರಡು ತುಂಡು ಬಟ್ಟೆ ಆತನ ತೊಡೆಯ ಮೇಲೆ ಎಸೆದಳು. "ಅಂಗಡಿ ಹೋತು. ಕೈ ಎಲ್ಲಿ ಹ್ವಾದುವು? ಅವನ್ನೂ ಸಾವಕಾರ ಗದಗಿಗಿ ಒಯ್ದಾನೇನ?"

ಪೇಟೆಯ ದರ್ಜಿಗೆ ಹೆಂಗಸರ ಕುಬಸ ಹೊಲಿಯುವುದೆಂದರೆ ಅವಮಾನ. ಆತ ಆ ತುಂಡುಗಳನ್ನು ಮುಟ್ಟಲಿಲ್ಲ. ಅತ್ತ ಹೊಲದ ಬದುವಿನ ಮೇಲೆ, ತಾಯಿ ಸತ್ತ ಒಂದು ಹುಡುಗಿ ಅಜ್ಜಿಯ ಸೆರಗಿನಲ್ಲಿ ಮೈ ಮುಚ್ಚಿಕೊಂಡು ತನ್ನ ಸರದಿಗೆ ಕಾಯುತ್ತಿದ್ದಳು. ಆತ ಎದ್ದು, ಹೆಂಡತಿಯ ಮುಂದೆ ಕೈ ಒಡ್ಡಿದ. "ಸೂಜಿ ಕೊಡು."

ಅಂದಿನಿಂದ ಮೂವರೂ ಕೂತೆವು. ಆತನ ಹೊಲಿಗೆ ನಮ್ಮದಕ್ಕಿಂತ ಚೊಕ್ಕ, ಬೇಗ. ಆದರೆ ರೊಟ್ಟಿ ಮುರಿದರೆ ಒಬ್ಬಳು, ನಮಾಜಿಗೆ ನಿಂತರೆ ಇನ್ನೊಬ್ಬಳು, ಕಣ್ಣು ಮುಚ್ಚಿದರೆ ಮತ್ತೊಬ್ಬಳು, "ಒಂದ ತೋಳ ಬಿಚ್ಚೈತಿ ನೋಡಪಾ" ಎಂದು ಬರುವವರೇ. ಕೆಲವು ದಿನ ತಡೆದುಕೊಂಡ ಆತ ಒಂದು ಸಂಜೆ ಬಟ್ಟೆ ಕೆಳಗಿಟ್ಟು ಕೇಳಿದ:

"ಏ, ಇದು ಮುಗಿಯೂದು ಯಾವಾಗ?"

ಖಾಲಾ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ನೀರು ಮಾತ್ರ ಉಳಿಯಿತು, ನಗು ಇರಲಿಲ್ಲ. ಆತ ಗಾಬರಿಯಾಗಿ ನನ್ನ ಕಡೆ ನೋಡಿದ. ಕೆಳಗಿಟ್ಟ ಬಟ್ಟೆಯನ್ನು ಮತ್ತೆ ಎತ್ತಿಕೊಂಡು ಮೆಲ್ಲಗೆ ಅಂದ: "ನನಗ ಗೊತ್ತಿರಲಿಲ್ಲ."

ಬೇಸಿಗೆಗೆ ಬೇನೆ ಇಳಿದು ಊರಿಗೆ ಮರಳಿದೆವು. ಸಾವಕಾರ ಬಂದು ಅಂಗಡಿ ತೆರೆದ. ಖಾಲಾನ ಗಂಡ ಮತ್ತೆ ಕಟ್ಟೆಯ ಕೆಲಸಕ್ಕೇ ಹೋದ. ನನಗೆ ಸಿಟ್ಟು ಬಂದಿತ್ತು. ಖಾಲಾ ಅಂದಳು: "ಹೋಗ್ಲಿ ಬಿಡ. ಆತಗ ಮುಗಿಯೂ ಕೆಲಸ ಬೇಕು. ನನಗ ನನ್ನ ಮನಿ ಬೇಕು. ಒಬ್ಬರ ಚಪ್ಪಲಿ ಒಬ್ಬರಿಗಿ ಆಗಂಗಿಲ್ಲ." ಆದರೆ ಆತ ಸಂಜೆ ಕಟ್ಟೆಗೆ ಕೂಡುವುದನ್ನು ಬಿಟ್ಟ. ಕಾಲು ತೊಳೆದು ಒಳಗೆ ಬಂದು, ಹೆಂಡತಿಯ ಎದುರು ಕೂತು, ಅಂಚು ಮಡಿಸುವ ಕೆಲಸ ತಾನು ತೆಗೆದುಕೊಳ್ಳುತ್ತಿದ್ದ. ಯಾರಾದರೂ ಹೊರಗಿಂದ ಕೂಗಿದರೆ, "ನಮ್ಮ ಮನಿಯಾಕಿ ಕೆಲಸದಾಗ ಅದಾಳ" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಖಾಲಾ ತಲೆ ಎತ್ತದೆ ಹೊಲಿಯುತ್ತಿದ್ದಳು. ಕಿವಿ ಮಾತ್ರ ಕೆಂಪಗಾಗುತ್ತಿತ್ತು.

ಮುಂದೆ ಅತ್ತೆ ತೀರಿಕೊಂಡಳು. ಖಾಲಾನ ಕಣ್ಣು ಮಂಜಾದವು, ಎದೆಯಲ್ಲಿ ಕೆಮ್ಮು ಕೂತಿತು. ಹೆಂಗಸರು ಗೋಡೆ ಬಳಸಿ ನನ್ನ ಹತ್ತಿರ ಬರತೊಡಗಿದರು. ಆಕೆಗೆ ಅದರಿಂದ ನೋವಾದೀತೆಂದು ನಾನು ಹೆದರಿದ್ದೆ. ಆಕೆಯೇ ಕಳಿಸುತ್ತಿದ್ದಾಳೆಂದು ಆಮೇಲೆ ಗೊತ್ತಾಯಿತು.

ಕೊನೆಯ ಮಳೆಗಾಲದಲ್ಲಿ ನಾನು ದಿನಾ ಗಂಜಿ ಮಾಡಿ ಒಯ್ಯುತ್ತಿದ್ದೆ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, ಬೆರಳ ತುದಿ ಮುಟ್ಟಿ ನೋಡಿದಳು. "ಒರಟಾಗ್ಯಾವ" ಎಂದಳು, ಸಂತೋಷದಿಂದ. ಆಮೇಲೆ ಉಸಿರು ತೆಗೆದುಕೊಂಡು ಹೇಳಿದಳು: "ನಿನಗ ಎಲ್ಲಾ ಕಲಸಿದೆ. ಒಂದ ಮಾತು ಉಳೀತು. ನನಗೂ ಅದು ಬರ್ತಿರಲಿಲ್ಲ, ಅದಕ ಕಲಸಲಿಲ್ಲ. 'ನಾಳಿ ಬರ್ರಿ' ಅನ್ನೂದು. ಬಾಗಲಿಗಿ ಬಂದಾಕೀಗಿ ಒಮ್ಮೆನೂ ಅನ್ನಾಕ ಆಗ್ಲಿಲ್ಲ ನನಗ. ನೀ ಕಲಕೊ."

ಎರಡು ದಿನಕ್ಕೆ ಖಾಲಾ ಹೋದಳು. ಗಂಡಸರು ಹೊತ್ತು ಒಯ್ಯುವಾಗ ಓಣಿಯ ಹೆಂಗಸರು ಮಾಳಿಗೆಗಳ ಮೇಲೆ ಮಳೆಯಲ್ಲೇ ನಿಂತಿದ್ದರು. ಆಕೆಯ ಕೈ ಸೋಕದ ಮೈ ಅಲ್ಲಿ ಒಂದೂ ಇರಲಿಲ್ಲ.

ನಾನು ಆ ಮೇಲೆ ಬದುಕಿದ್ದೆಲ್ಲ ಹೊಲಿಗೆಯಿಂದಲೇ. ಅಣ್ಣನ ಮನೆಯಲ್ಲೇ ಇದ್ದೆ, ಆದರೆ ತಲೆ ಎತ್ತಿ ಉಂಡೆ. ಆಕೆ ಕಡೆಗೆ ಹೇಳಿದ ಮಾತು ಮಾತ್ರ ಬಹಳ ದಿನ ಬಾಯಿಗೆ ಬರಲಿಲ್ಲ. ಒಂದು ಸಂಜೆ, ಬೆನ್ನು ಸೆಳೆದು ಬಟ್ಟೆ ಮಡಿಸಿಡುತ್ತಿದ್ದೆ. ಅರಿವೆ ಸಾವಕಾರನ ಹೆಂಡತಿಯೇ ಗಾಡಿ ಹೂಡಿಸಿಕೊಂಡು ಬಂದಳು. ಮೈತುಂಬ ಬಂಗಾರ, ಕೈಯಲ್ಲಿ ಜರಿ ಖಣ. ಈಗಲೇ ಅಳತೆ ತೆಗೆದುಕೋ ಎಂದಳು. ಒಳಗಿನಿಂದ ವೈನಿ, ಹೂಂ ಅನ್ನು ಎಂದು ಕಣ್ಣಸನ್ನೆ ಮಾಡಿದಳು. ನಾನು ಮಡಿಸಿದ ಬಟ್ಟೆಯ ಮೇಲೆ ಕೈಯಿಟ್ಟೆ.

"ನಾಳಿ ಬರ್ರಿ" ಅಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಾಡಿ ಹತ್ತಿದಳು. ಇನ್ನು ಆಕೆ ಬರಲಿಕ್ಕಿಲ್ಲ ಎಂದುಕೊಂಡೆ.

ಮರುದಿನ ಹೊತ್ತೇರುವ ಮೊದಲೇ ಆಕೆ ಅದೇ ಜರಿ ಖಣ ಹಿಡಿದು ಬಂದಳು.