ಗುರುವಾರದ ನಾಲ್ಕು ಗಂಟೆ

ಡಾರ್ಲಾ ಸ್ಟಿಡಮ್ ಮೊದಲ ಸಲ ವಿಲ್ಮಾಳ ಮನೆಗೆ ಬಂದದ್ದು ಒಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ, ಕೆಸರಿನ ಬೂಟು ಹೊಸ್ತಿಲಲ್ಲಿ ಬಿಟ್ಟು, ಮೆಡಿಕೈಡ್ ಎಂಬ ಸರ್ಕಾರಿ ಆರೋಗ್ಯ ನೆರವಿನ ಕಾಗದಗಳನ್ನು ಕಂಕುಳಲ್ಲಿ ಅವುಚಿಕೊಂಡು. ರೋಗಿಯ ಆರೈಕೆಯಲ್ಲೇ ಸವೆಯುವ ಮನೆಯವರಿಗೆ ವಾರಕ್ಕೆ ನಾಲ್ಕು ಗಂಟೆ ಬಿಡುವು ಕೊಡಿಸಲೆಂದು ಅವಳು ಆಗಷ್ಟೇ ಸಂಸ್ಥೆ ತೆರೆದಿದ್ದಳು. ಆ ನೆರವಿನ ನಿಯಮಗಳು ಅವಳಿಗೆ ಬೈಬಲಿಗಿಂತ ಚೆನ್ನಾಗಿ ಬಾಯಿಪಾಠ. "ಹೊರಡೇ ತಾಯಿ, ಮನೆಗೆ ಬೆಂಕಿ ಬಿದ್ರೂ ಎರಡಕ್ಕೆ ಮುಂಚೆ ಬರಬೇಡ!" ಎಂದು ಎಲ್ಲರನ್ನೂ ಗದರಿಸಿ ಅಟ್ಟಿ, ರೋಗಿಯ ಬಳಿ ತಾನು ಕೂರುವಳು. ಆರು ವರ್ಷದಿಂದ ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು ಕದಲದ ವಿಲ್ಮಾ ಚರ್ಚಿನ ಅಂಗಳದವರೆಗೆ ಹೋಗಿ ಬಂದಳು. "ನೀನು ಕಾರಲ್ಲೇ ಕೂತಿದ್ದೆ ತಾನೆ? ನಮ್ಮಮ್ಮ ಹಾಸಿಗೆ ಹಿಡಿದಿದ್ದಾಗ ನಾನೂ ಹಾಗೇ ಕೂತಿದ್ದೆ. ಅವಳು ತೀರಿಹೋದ್ಮೇಲೆ ನನ್ನ ಹತ್ರ ಒಂದು ನರಪಿಳ್ಳೆಯೂ ಬರಲಿಲ್ಲ ನೋಡು," ಎಂದಳು ಡಾರ್ಲಾ. ಮಾರ್ಚಿನಲ್ಲಿ ವಿಲ್ಮಾಳ ಗಂಡ ತೀರಿಕೊಂಡ. ರೋಗಿ ಸತ್ತ ದಿನವೇ ಬಿಡುವೂ ಮುಗಿಯಿತೆನ್ನುತ್ತದೆ ನಿಯಮ. ಡಾರ್ಲಾ ಈಗಲೂ ಗುರುವಾರ ಹತ್ತಕ್ಕೆ ಬಂದು, ಬೂಟು ಕಳಚಿಟ್ಟು, ಎರಡರವರೆಗೆ ವಿಲ್ಮಾಳ ಜೊತೆ ಕೂರುತ್ತಾಳೆ.