ಅಂಚಿನಲ್ಲಿ ಬರೆದ ‘ಇವಳೇ’

ಕೊಪ್ಪಳದಿಂದ ಯಲಬುರ್ಗಾಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾಲ್ಕು ವರ್ಷ ನಾನು ನನ್ನ ಗೆಳತಿಗೆ ಕೊಲೆಯ ಕಥೆ ಹೇಳುತ್ತಾ ಹೋಗಿದ್ದೇನೆ. ಇಬ್ಬರೂ ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿಯರು. ನಾನು ಇಂಗ್ಲಿಷ್, ಆಕೆ ವಿಜ್ಞಾನ. ಆಕೆ ಕುಷ್ಟಗಿ ಕಡೆಯ ಒಕ್ಕಲುತನದ ಮನೆಯವಳು, ದಾಳಿಂಬೆ ತೋಟದಲ್ಲಿ ಆಡಿ ಬೆಳೆದವಳು. ನನಗಿಂತ ಆರು ವರ್ಷ ಚಿಕ್ಕವಳಾದ್ದರಿಂದ ಅಕ್ಕಾರ ಎಂದು ಕರೆಯುತ್ತಿದ್ದಳು.

ಕೊಲೆ ಎಂದರೆ ರಕ್ತ ಹರಿಯುವ ಕಥೆಗಳಲ್ಲ. ಇನ್ನೂರು ವರ್ಷದ ಹಿಂದಿನ ಇಂಗ್ಲಿಷ್ ಪ್ರೇಮ ಕಾದಂಬರಿಗಳಲ್ಲಿ ದೊಡ್ಡ ಬಂಗಲೆ, ಬಿಗುಮಾನದ ಶ್ರೀಮಂತ, ಬಾಯಿ ಚುರುಕಿನ ಹುಡುಗಿ, ಹೆಣ್ಣುಮಕ್ಕಳಿಗೆ ವರ ಹುಡುಕುವ ತಾಯಿ ಇರುತ್ತಾರಲ್ಲ, ಆ ಲೋಕವನ್ನೇ ಇಟ್ಟುಕೊಂಡು ಈಗಿನವರು ಪತ್ತೇದಾರಿ ಕಾದಂಬರಿ ಬರೆಯುತ್ತಾರೆ. ಬಂಗಲೆಗೆ ನೆಂಟರು ಬರುತ್ತಾರೆ, ಚಹಾ ಕುಡಿಯುತ್ತಾರೆ, ಅವರಲ್ಲೊಬ್ಬರು ಮರುದಿನ ಏಳುವುದಿಲ್ಲ. ಆ ಹುಡುಗಿಯೇ ಕೊಂದವರನ್ನು ಹಿಡಿಯುತ್ತಾಳೆ. ಅಷ್ಟರಲ್ಲಿ ಶ್ರೀಮಂತನ ಬಿಗುಮಾನ ಕರಗಿ ಮದುವೆಯ ಮಾತೂ ಆಗಿರುತ್ತದೆ. ಹುಬ್ಬಳ್ಳಿಯ ಹಳೆ ಪುಸ್ತಕದ ಅಂಗಡಿಯಲ್ಲಿ ಇಂಥದ್ದೊಂದು ಸಿಕ್ಕಿತ್ತು. ಆಮೇಲೆ ಒಂದೊಂದಾಗಿ ಹೊಸವನ್ನೇ ತರಿಸಿಕೊಂಡೆ.

ಗೆಳತಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ರಾತ್ರಿ ಓದಿದ್ದನ್ನು ನಾನು ಬೆಳಿಗ್ಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಬಂಗಲೆಯ ಒಡತಿ ಗೌಡಶ್ಯಾನಿ ಆಗುತ್ತಿದ್ದಳು, ಚರ್ಚಿನ ಪಾದ್ರಿ ಅಯ್ಯನೋರು. ಕುಕನೂರು ಬರುವಷ್ಟರಲ್ಲಿ ಆಕೆ ಕೊಂದವರು ಯಾರೆಂದು ಊಹಿಸಿ ಹೇಳುವಳು, ಬಹುತೇಕ ಸರಿಯಾಗಿರುತ್ತಿತ್ತು. ಭಾಳ ಶಾಣ್ಯಾಕಿ ಅದೀಯವಾ ಎಂದು ನಾನು ಹೊಗಳುತ್ತಿದ್ದೆ. ಹಿಂದಿನ ಸೀಟಿನ ಹೆಂಗಸರೂ ಕಿವಿಗೊಡುತ್ತಿದ್ದರು. ಆ ಒಂದು ತಾಸು ನಾನು ತರಗತಿಯಲ್ಲಿ ಎಂದೂ ಇರದಷ್ಟು ದೊಡ್ಡವಳಾಗಿರುತ್ತಿದ್ದೆ.

ಐದನೆಯ ವರ್ಷ ಜೂನಿನಲ್ಲಿ ಹೊಸಬಳೊಬ್ಬಳು ಬಂದಳು. ಗಂಗಾವತಿಯ ವ್ಯಾಪಾರಸ್ಥರ ಮನೆಯ ಹುಡುಗಿ, ಸಮಾಜ ವಿಜ್ಞಾನ ಕಲಿಸಲು ಬಂದವಳು. ಕೊಪ್ಪಳದಲ್ಲಿ ಬಾಡಿಗೆ ಕೋಣೆ ಹಿಡಿದು ಅದೇ ಬಸ್ಸಿಗೆ ಬರತೊಡಗಿದಳು. ಚಿಕ್ಕಂದಿನಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ನಾನು ಕನ್ನಡ ಸಾಲಿಯವಳು, ಎಂ.ಎ. ಕೂಡ ಅಂಚೆ ಶಿಕ್ಷಣದಲ್ಲಿ ಮುಗಿಸಿದವಳು. ಆಕೆ ಫೋನಿನಲ್ಲೇ ಕಾದಂಬರಿ ಓದುತ್ತಿದ್ದಳು, ನಾನು ತರಿಸಿಕೊಂಡಿದ್ದ ಪುಸ್ತಕಗಳನ್ನೆಲ್ಲ ಆಗಲೇ ಓದಿ ಮುಗಿಸಿದ್ದಳು.

ಗೆಳತಿಯೇ ಆಕೆಯನ್ನು ಕರೆದು ಮೂರು ಜನರ ಸೀಟಿನಲ್ಲಿ ಕೂರಿಸಿಕೊಂಡಳು. ಕಿಟಕಿಗೆ ನಾನು, ನಡುವೆ ಗೆಳತಿ, ಆಚೆ ಆಕೆ. ಒಂದು ದಿನ ನಾನು, ಬಂಗಲೆಯ ಯಜಮಾನ ಸತ್ತ ಮೇಲೆ ಆಸ್ತಿ ಆತನ ಚಿಗವ್ವನ ಮಗನಿಗೆ ಹೋಗುತ್ತದೆ ಎಂದು ಹೇಳುತ್ತಿದ್ದೆ.

“ಮೇಡಂ, ಆಕಿ ಚಿಗವ್ವ ಅಲ್ರಿ, ಸೋದರತ್ತಿ,” ಎಂದಳು ಹೊಸಬಳು. ದನಿಯಲ್ಲಿ ಅಹಂಕಾರವೇನೂ ಇರಲಿಲ್ಲ.

ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ನಾನು ಯೋಚಿಸದೆ ಚಿಗವ್ವ, ಅಂದರೆ ಅವ್ವನ ತಂಗಿ, ಎಂದುಬಿಟ್ಟಿದ್ದೆ. ಆಸ್ತಿ ಅಪ್ಪನ ಮನೆತನದ್ದು, ಅಪ್ಪನ ತಂಗಿಯಾದರಷ್ಟೇ ಆ ಕಥೆಯಲ್ಲಿ ಆಸ್ತಿಯ ಜಗಳಕ್ಕೆ ಅರ್ಥ. ಗೆಳತಿ ತಟ್ಟನೆ ಆಕೆಯ ಕಡೆ ತಿರುಗಿ, ಅದಕ್ಕೇ ತನಗೆ ನಿನ್ನೆಯಿಂದ ತಾಳೆಯಾಗುತ್ತಿರಲಿಲ್ಲ ಎಂದಳು. ಅಂದು ಯಲಬುರ್ಗಾ ಬರುವವರೆಗೂ ಆಕೆಯ ಮುಖ ಅತ್ತ ಕಡೆಯೇ ಇತ್ತು. ನನಗೆ ಕಾಣುತ್ತಿದ್ದುದು ತುರುಬು ಮಾತ್ರ.

ದೀಪಾವಳಿ ಕಳೆದ ಮೇಲೆ ಗೆಳತಿ ನನ್ನ ಹತ್ತಿರ ಬಂದು, ಇನ್ನು ನಾನೇ ಓದಿ ನೋಡುತ್ತೇನೆ, ಹೊಸಬಳು ಹೇಳಿಕೊಡುತ್ತೇನೆ ಎಂದಿದ್ದಾಳೆ, ಒಂದು ಪುಸ್ತಕ ಕೊಡಿರಿ ಎಂದು ಕೇಳಿದಳು. ಕೊಡುತ್ತೇನೆ ಎಂದೆ. ಮನೆಗೆ ಬಂದು ಕುಕ್ಕರ್ ಇಟ್ಟು ಅದರ ಮುಂದೆಯೇ ನಿಂತುಬಿಟ್ಟೆ. ನಾಲ್ಕು ವರ್ಷದಲ್ಲಿ ನಾನೇ ಕಲಿಸಬಹುದಿತ್ತು. ನನ್ನ ಕೆಲಸವೇ ಅದು. ಒಮ್ಮೆಯೂ ಕಲಿಸುತ್ತೇನೆ ಎಂದಿರಲಿಲ್ಲ. ಆಕೆ ಕಲಿತರೆ ನನ್ನ ಕಥೆ ಯಾರಿಗೆ ಬೇಕು? ಹಾಗೆಂದು ಮೊದಲಿನಿಂದಲೂ ನನಗೆ ತಿಳಿದಿತ್ತೋ ಏನೋ.

ಭಾನುವಾರ ಮಧ್ಯಾಹ್ನ ಉತ್ತರಪತ್ರಿಕೆ ತಿದ್ದಲು ಕುಳಿತಿದ್ದೆ. ಕೊಡಬೇಕಾದ ಪುಸ್ತಕ ಪಕ್ಕದಲ್ಲಿತ್ತು. ಹೊಚ್ಚ ಹೊಸದು, ನಾನೊಬ್ಬಳೇ ಓದಿದ್ದೆ. ಅದರಲ್ಲಿ ಕೊಂದವಳು ಆ ಬಂಗಲೆಯಲ್ಲೇ ಇದ್ದು ಮಕ್ಕಳಿಗೆ ಕಲಿಸುವ ಶಿಕ್ಷಕಿ. ಎಲ್ಲರಿಗೂ ಬೇಕಾದವಳು, ಮೆತ್ತಗಿನವಳು, ಕೊನೆಯ ಅಧ್ಯಾಯದವರೆಗೆ ಯಾರಿಗೂ ಅನುಮಾನ ಬರುವುದಿಲ್ಲ. ಆಕೆ ಮೊದಲು ಬರುವ ಪುಟ ತೆಗೆದೆ. ಅಂಚಿನಲ್ಲಿ ಪೆನ್ಸಿಲಿನಿಂದ ‘ಇವಳೇ’ ಎಂದು ಬರೆದೆ. ಒಂದೇ ಪದ. ಅಳಿಸಬೇಕೆಂದು ರಬ್ಬರನ್ನೂ ಕೈಗೆ ತೆಗೆದುಕೊಂಡಿದ್ದೆ. ಅಳಿಸಲಿಲ್ಲ. ಸೋಮವಾರ ಬಸ್ಸಿನಲ್ಲಿ ಪುಸ್ತಕ ಕೊಟ್ಟೆ.

ಆಮೇಲೆ ಕಾದೆ. ಗೆಳತಿ ದಿನಕ್ಕೆ ನಾಲ್ಕೈದು ಪುಟದಂತೆ ಓದುತ್ತಿದ್ದಳು. ಒಂದು ವಾರ ಡಾಕ್ಟರನ ಮೇಲೆ ಅನುಮಾನ, ಮರುವಾರ ತೋಟದ ಮಾಲಿಯ ಮೇಲೆ. ಆ ಪುಟ ದಾಟಿ ಹೋಗಿದ್ದಾಳೆಂದು ಮಾತಿನಿಂದಲೇ ಗೊತ್ತಾಗುತ್ತಿತ್ತು. ಆದರೂ ಏನೂ ಅನ್ನಲಿಲ್ಲ. ನೋಡಿಯೂ ನೋಡದಂತೆ ಇದ್ದಾಳೆಂದು ನನಗೆ ಹೆದರಿಕೆ. ನೋಡಿಲ್ಲವೆಂದು ನಿರಾಸೆಯೂ ಆಗುತ್ತಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಸಂಕ್ರಾಂತಿ ಹೊತ್ತಿಗೆ ಆಕೆ ಪುಸ್ತಕ ಮುಗಿಸಿ ವಾಪಸು ಕೊಟ್ಟಳು. ಕಡೆಯ ತನಕ ತಿಳಿಯಲೇ ಇಲ್ಲ ಎಂದು ಮುಖ ಅರಳಿಸಿಕೊಂಡು ಹೇಳಿದಳು. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಆ ಪುಟ ತೆಗೆದೆ. ನಾನು ಬರೆದ ಜಾಗದಲ್ಲಿ ರಬ್ಬರಿನಿಂದ ತಿಕ್ಕಿ ಕಾಗದ ಎಳೆಯೆದ್ದಿತ್ತು. ಅದರ ಮೇಲೆಯೇ, ಸಣ್ಣ ಗುಂಡನೆಯ ಅಕ್ಷರದಲ್ಲಿ, ಪುಟದಲ್ಲಿದ್ದ ಕಠಿಣ ಪದದ ಅರ್ಥ ಬರೆದಿತ್ತು: ಮನೆಯಲ್ಲೇ ಇದ್ದು ಮಕ್ಕಳಿಗೆ ಕಲಿಸುವ ಶಿಕ್ಷಕಿ. ಪುಟ ತಿರುವಿದರೆ ಎಲ್ಲ ಕಡೆ ಅಂಥ ಅರ್ಥಗಳು. ಅಕ್ಷರ ಹೊಸಬಳದ್ದು. ಗೆಳತಿ ಓದುವ ಮುಂಚೆ ಆಕೆ ಪುಸ್ತಕ ಒಯ್ದು, ಒಂದೊಂದೇ ಅಧ್ಯಾಯ ಓದಿ, ಅರ್ಥ ಬರೆದು ಕೊಡುತ್ತಿದ್ದಳೆಂದು ಆಗ ತಿಳಿಯಿತು.

ಮಧ್ಯಾಹ್ನದ ಊಟದ ಮೇಲೆ ಹೊಸಬಳು ಒಬ್ಬಳೇ ಸಿಕ್ಕಾಗ ಕೇಳಿದೆ, ಇಲ್ಲಿ ಏನೋ ಅಳಿಸಿದೆಯಲ್ಲ ಎಂದು. ಆಕೆ ತಲೆ ತಗ್ಗಿಸಿದಳು. ತಪ್ಪು ಮಾಡಿದವಳು ತಾನೇ ಎನ್ನುವಂತಿತ್ತು.

“ನಿಮ್ಮ ಅಕ್ಷರ ಅಂತ ಗೊತ್ತಾತ್ರಿ ಮೇಡಂ. ಆಕಿಗೆ ಹೇಳಿಲ್ರಿ. ಹೇಳೂದೂ ಇಲ್ಲ.”

ಅಲ್ಲಿ ನನಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ಆಮೇಲೆ. ಮೊದಲು ಬಂದದ್ದು ಮತ್ಸರವೇ. ಇಂಗ್ಲಿಷಿನಲ್ಲಿ ನನಗಿಂತ ಜಾಣೆ, ಸರಿ. ಕಲಿಸುವುದರಲ್ಲೂ. ಈಗ ನನ್ನ ಸಣ್ಣತನವನ್ನು ನುಂಗಿಕೊಂಡು ಸುಮ್ಮನಿರುವುದರಲ್ಲೂ ಈಕೆಯೇ ಮೇಲಾದಳಲ್ಲ ಎಂದು ಮೈ ಉರಿಯಿತು. ಆಕೆಯ ಋಣದಲ್ಲಿ ಇರುವುದು ನನ್ನಿಂದ ಆಗಲಿಲ್ಲ. ಮರುದಿನ ಹೊಸಬಳು ರಜೆ ಹಾಕಿದ್ದಳು. ಬಸ್ಸು ಭಾನಾಪುರ ದಾಟಿದ ಮೇಲೆ ಗೆಳತಿಗೆ ನಾನೇ ಎಲ್ಲ ಹೇಳಿಬಿಟ್ಟೆ. ಬರೆದದ್ದು, ಆಕೆ ಅಳಿಸಿದ್ದು, ಮುಚ್ಚಿಟ್ಟದ್ದು.

ಯಾಕೆ ಬರೆದಿರಿ ಎಂದು ಗೆಳತಿ ಕೇಳಲಿಲ್ಲ. ಕುಕನೂರಿನಲ್ಲಿ ಜನ ಇಳಿದು ಹತ್ತಿದರು. ಬಸ್ಸು ಮತ್ತೆ ಹೊರಟ ಮೇಲೆ ಬಾಯಿ ಬಿಟ್ಟಳು.

“ಅಕ್ಕಾರ, ನೀವು ಕಥಿ ಹೇಳುವಾಗ ಕೊಂದಾಕಿ ಹೆಸರು ಬಂತಂದ್ರ ನಿಮ್ಮ ದನಿ ಸಣ್ಣದಾಗ್ತಿತ್ತು. ಅದನ್ನ ಕೇಳಿ ನಾ ಹೇಳ್ತಿದ್ದೆ. ನಿಮಗೂ ಖುಷಿ ಆಗ್ತಿತ್ತು, ನೀವು ಶಾಣ್ಯಾಕಿ ಅಂದ್ರ ನನಗೂ ಭಾಳ ಛಲೋ ಅನ್ನಸ್ತಿತ್ತು.”

ಮಡಿಲಿನ ಬ್ಯಾಗ್ ಸರಿಮಾಡಿಕೊಂಡು ಮತ್ತೆ ಅಂದಳು. “ಈಗ ನಾನ ಓದತೀನಿ, ಎಲ್ಲಾ ತಪ್ಪತೈತಿ. ತಪ್ಪಿದ್ರೂ ಛಲೋ ಐತ್ರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಲ್ಕು ವರ್ಷ ನಾನು ಆಕೆಗೆ ಕಥೆ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಆಕೆ ನನ್ನ ಸಂತೋಷಕ್ಕೆ ಊಹೆ ಹೇಳಿಕೊಂಡು ಬಂದಿದ್ದಳು. ಅದೂ ಒಂದು ಪ್ರೀತಿಯೇ ಎಂದು ತಿಳಿಯಲು ನನಗೆ ಹಲವು ತಿಂಗಳು ಬೇಕಾದವು. ಹತ್ತು ಹನ್ನೆರಡು ದಿನ ಆಕೆ ಬೇರೆ ಸೀಟಿನಲ್ಲಿ ಕುಳಿತಳು. ಆಮೇಲೊಂದು ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಬಂದು ಪಕ್ಕದಲ್ಲಿ ಬ್ಯಾಗ್ ಇಟ್ಟು, ಸರಿಯಿರಿ ಎಂದಳು.

ಹೋದ ವರ್ಷ ಹೊಸಬಳಿಗೆ ಗಂಗಾವತಿಗೇ ವರ್ಗವಾಯಿತು. ಹೊರಡುವ ದಿನ ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ಛಲೋ ಇರವಾ ಎಂದು ತಲೆ ಮುಟ್ಟಿದೆ, ಮನಸ್ಸಿನಿಂದಲೇ. ಇನ್ನು ಬಸ್ಸಿನಲ್ಲಿ ಇಬ್ಬರೇ ಎಂಬ ಸಮಾಧಾನವೂ ಅದೇ ಗಳಿಗೆಯಲ್ಲಿ ಬಂದಿತ್ತು.

ಆದರೆ ಫೋನಿದೆಯಲ್ಲ. ಗೆಳತಿ, ಹೊಸಬಳು ಇಬ್ಬರೂ ಒಂದೇ ಕಾದಂಬರಿಯನ್ನು ಒಂದೇ ಸಲ ಶುರು ಮಾಡುತ್ತಾರೆ. ಬೆಳಿಗ್ಗೆ ಬಸ್ಸಿನಲ್ಲಿ ಗೆಳತಿ ಆಕೆಗೆ ಫೋನು ಹಚ್ಚಿ, ಗೌಡಶ್ಯಾನಿಯ ಮೇಲೆ ಅನುಮಾನ, ಅಯ್ಯನೋರ ಮೇಲೆ ಅನುಮಾನ ಎಂದು ಹೇಳುತ್ತಾಳೆ. ಆ ಕಡೆಯಿಂದ ಏನು ಬರುತ್ತದೋ, ಈಕೆ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ. ನನಗೆ ಅರ್ಧ ಮಾತೇ ಕೇಳುವುದು. ಫೋನು ಇಟ್ಟ ಮೇಲೆ ಏನಂದಳು ಎಂದು ಕೇಳಬೇಕೆನಿಸುತ್ತದೆ. ಇದುವರೆಗೆ ಕೇಳಿಲ್ಲ.