ಬಿಜಲಿಯ ಮಗ್ಗುಲಿಗೆ ಬಂದ ಮರಿ

ಡಾಕ್ಟರ್ ಕುಶಲ ನಾಯಿಗಳೊಂದಿಗೆ ತುಳುವಿನಲ್ಲೇ ಮಾತಾಡುತ್ತಿದ್ದರು. ಮುಂಬೈ ಪಕ್ಕದ ಠಾಣೆ ನಗರದ ಕೋಪರಿಯಲ್ಲಿ ಅವರ ತಂದೆಗೊಂದು ಪುಟ್ಟ ಹೋಟೆಲಿತ್ತು. ಉಳಿದ ಇಡ್ಲಿಗಾಗಿ ಅದರ ಹಿಂಬಾಗಿಲಲ್ಲಿ ಕಾಯುವ ನಾಯಿಗಳ ಗಾಯ ತೊಳೆಯುತ್ತ ಬೆಳೆದ ಹುಡುಗಿ ಪಶುವೈದ್ಯೆಯಾದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನವಿ ಮುಂಬೈಯ ಖಾರಘರದಲ್ಲಿ ಸಾಲುಸಾಲಾಗಿ ಟವರುಗಳು ಏಳುತ್ತಿದ್ದ ಕಾಲಕ್ಕೆ ಅವರು ಅಲ್ಲೇ ಕ್ಲಿನಿಕ್ ತೆರೆದರು. ಹೇಳಬೇಕಾದ್ದನ್ನು ನೇರವಾಗಿ ಹೇಳಿ, ಹೇಳಿದ್ದನ್ನು ಮಾಡಿಸಿಯೇ ಬಿಡುವ ಸ್ವಭಾವ.

2011ರ ಚಳಿಗಾಲದಲ್ಲಿ ಐಟಿ ಕಂಪನಿಯ ಸುಜನ್, ಮಗಳು ಅನುಷ್ಕಾಳೊಂದಿಗೆ ಒಂದು ಲ್ಯಾಬ್ರಡಾರ್ ಮರಿಯನ್ನು ಟವೆಲಿನಲ್ಲಿ ಸುತ್ತಿ ತಂದ. ಮಗಳ ಹುಟ್ಟುಹಬ್ಬಕ್ಕೆಂದು ಕೊಂಡ ಮರಿ. ಟಾಫಿ ಎಂದು ಹೆಸರಿಟ್ಟಿದ್ದರು.

"ಎಂತ ಮಾಡುದು ಡಾಕ್ಟ್ರೆ? ಹಾಲಿಟ್ಟರೆ ಮೂಸಿ ಸಹ ನೋಡುದಿಲ್ಲ. ಮೊದಲು ಇಡೀ ದಿನ ಕೂಗಿತು, ಈಗ ಕೂಗುದೂ ಇಲ್ಲ. ಚೆಂಡು ಹಾಕಿದರೆ ಗೋಡೆಗೆ ಮುಖ ಮಾಡಿ ಮಲಗ್ತದೆ."

ಕುಶಲ ಜ್ವರ ನೋಡಿದರು, ಹೊಟ್ಟೆ ಒತ್ತಿದರು, ರಕ್ತ ಪರೀಕ್ಷಿಸಿದರು. ಏನೂ ಸಿಗಲಿಲ್ಲ. ಬಾಯಿ ತೆರೆದು ನೋಡಿದಾಗ ಹಾಲುಹಲ್ಲು ಆಗಷ್ಟೇ ಮೂಡುತ್ತಿದ್ದವು. ಎರಡು ತಿಂಗಳಿನದೆಂದು ಮಾರಿದ ಮರಿಗೆ ಒಂದು ತಿಂಗಳೂ ಆಗಿರಲಿಲ್ಲ.

"ರೋಗ ಇಲ್ಲ ಸುಜನ್. ಇದನ್ನು ಅಮ್ಮನಿಂದ ತುಂಬ ಬೇಗ ಕಿತ್ತಿದ್ದಾರೆ," ಎಂದರು. ಓದುವಾಗ ತಿಳಿದದ್ದನ್ನು ಅವನಿಗೂ ಬಿಡಿಸಿ ಹೇಳಿದರು: ಎಳೆಯ ಇಲಿಮರಿಗಳನ್ನು ತಾಯಿಯಿಂದ ದಿನವೂ ಗಂಟೆಗಟ್ಟಲೆ ದೂರವಿಟ್ಟರೆ, ಬೆಳೆದ ಮೇಲೂ ಎಷ್ಟೋ ಇಲಿಗಳು ಸಕ್ಕರೆ ನೀರಿಗೂ ಆಸೆಪಡುವುದಿಲ್ಲ, ನೀರಿಗೆ ಬಿಟ್ಟರೆ ಬೇಗನೆ ಈಜು ನಿಲ್ಲಿಸಿಬಿಡುತ್ತವೆ. "ಕೂಗು ನಿಂತಿತೆಂದು ಸಮಾಧಾನ ಪಡಬೇಡಿ. ಕೂಗಿದರೂ ಯಾರೂ ಬರುದಿಲ್ಲ ಅಂತ ಇದಕ್ಕೆ ಗೊತ್ತಾಗಿದೆ."

ಸುಜನ್ ಅಲ್ಲಿಂದಲೇ ಮಾರಿದವನಿಗೆ ಫೋನ್ ಮಾಡಿದ. ತಾಯಿನಾಯಿಯನ್ನು ಆಗಲೇ ಗುಜರಾತಿನವರಿಗೆ ಕೊಟ್ಟಾಗಿತ್ತು.

ಕುಶಲರಿಗೆ ತಟ್ಟನೆ ಬಿಜಲಿಯ ನೆನಪಾಯಿತು. ಹತ್ತಿರದ ಕಟ್ಟಡದ ಕೆಲಸದಲ್ಲಿದ್ದ ಕಲಬುರಗಿ ಕಡೆಯ ಚಂದ್ರಬಾಯಿ ಸಾಕಿದ ಬೀದಿನಾಯಿ ಅದು. ಆ ವಾರವಷ್ಟೇ ಹಿಂದಕ್ಕೆ ಬಂದ ಮರಳಿನ ಲಾರಿಯಡಿ ಸಿಕ್ಕಿ ಅದರ ಮರಿಗಳೆಲ್ಲ ಸತ್ತಿದ್ದವು. ಹಾಲು ಕಟ್ಟಿ ನರಳುತ್ತಿದ್ದ ಬಿಜಲಿಯನ್ನು ಚಂದ್ರಬಾಯಿ ಕ್ಲಿನಿಕ್ಕಿಗೆ ತಂದಿದ್ದಳು. ಅದಕ್ಕೆ ಲಸಿಕೆಗಳನ್ನು ಹಾಕಿದವರೂ ಕುಶಲರೇ. ಟಾಫಿಯನ್ನು ಅದರ ಬಳಿ ಬಿಡೋಣ ಎಂದರು.

"ಬೀದಿನಾಯಿಯ ಹತ್ತಿರ ಬಿಡುದಾ?" ಸುಜನ್ ಹಿಂದೆಗೆದ.

ಕಟ್ಟಡದ ಕೆಲಸಗಾರರ ಶೆಡ್ಡಿನ ಬಳಿ ಹೋದಾಗ ಚಂದ್ರಬಾಯಿಯೂ ಒಪ್ಪಲಿಲ್ಲ. "ಬ್ಯಾಡ್ರಿ ಡಾಕ್ಟರ್ ಬಾಯಿ. ದೊಡ್ಡೋರ ನಾಯಿ ಅದ. ಏನರ ಆದ್ರ ನಮ್ಮ ಮ್ಯಾಲ ಬರ್ತದ."

"ಏನಾದರೂ ನಾನಿದ್ದೇನೆ," ಎಂದರು ಕುಶಲ, ಇಬ್ಬರನ್ನೂ ನೋಡಿ. "ಇಲ್ಲಿ ಬಿಟ್ಟರೆ ಮರಿ ಉಣ್ಣುತ್ತದೆ. ನನಗೆ ಅನುಮಾನ ಇಲ್ಲ."

ಬಿಜಲಿಯ ವಾಸನೆ ಹತ್ತಲೆಂದು ಅದು ಮಲಗುವ ಗೋಣಿಚೀಲದಿಂದ ಅವರು ಟಾಫಿಯ ಮೈಯೆಲ್ಲ ಒರೆಸಿ ಬಿಜಲಿಯ ಮುಂದಿಟ್ಟರು. ಬಿಜಲಿ ಗುರ್ರೆಂದಿತು. ಮರಿ ಇದ್ದಲ್ಲೇ ಸೆಟೆದು ಕೂತಿತು. ಸುಜನ್ ಕೈಚಾಚಿದಾಗ ಕುಶಲ ತಡೆದರು. ಸ್ವಲ್ಪ ಹೊತ್ತಿಗೆ ಟಾಫಿಯ ಗಂಟಲಿಂದ ಕುಂಯ್ ಎಂಬ ಸಣ್ಣ ದನಿ ಹೊರಟಿತು. ಬಿಜಲಿ ಎದ್ದು ಬಂತು, ಮರಿಯನ್ನು ಮೂತಿಯಿಂದ ಅಂಗಾತ ಉರುಳಿಸಿ ಹೊಟ್ಟೆ ನೆಕ್ಕತೊಡಗಿತು. ಮರಿ ತಡಕಾಡಿ ಮೊಲೆಗೆ ಬಾಯಿ ಹಾಕಿತು.

"ಯೇ ವಾಪಸ್ ಆಯೇಗಾ ನಾ?" ಅನುಷ್ಕಾ ಕೇಳಿದಳು.

"ವಾಪಸು ಬರ್ತದೆ ಮಗಾ. ಸ್ವಲ್ಪ ದೊಡ್ಡದಾಗಲಿ," ಎಂದರು ಕುಶಲ.

ಮುಂದಿನ ವಾರಗಳಲ್ಲಿ ಕ್ಲಿನಿಕ್ ಮುಚ್ಚಿದ ಮೇಲೆ ಕುಶಲ ಅತ್ತ ಹೋಗಿ ಬರುತ್ತಿದ್ದರು. ಚಂದ್ರಬಾಯಿ ರೊಟ್ಟಿಯನ್ನು ಹಾಲಲ್ಲಿ ಕಲಸಿಡುತ್ತಿದ್ದಳು, ಟಾಫಿ ತಟ್ಟೆಯೊಳಗೇ ನಿಂತು ತಿನ್ನುತ್ತಿತ್ತು. ಜೋರಾಗಿ ಕಚ್ಚಿದರೆ ಬಿಜಲಿ ಗದರಿಸುತ್ತಿತ್ತು, ಮರಿ ಹಲ್ಲು ಸಡಿಲಿಸುವುದನ್ನು ಕಲಿಯಿತು. ಒಂದು ಭಾನುವಾರ ಅದು ಓಡಿಬಂದು ಅನುಷ್ಕಾಳ ಬೂಟಿನ ಲೇಸು ಹಿಡಿದೆಳೆದಾಗ, ಕರೆದೊಯ್ಯಬಹುದು ಎಂದರು ಕುಶಲ.

ಎಲ್ಲವೂ ಸರಿಹೋಯಿತೆಂದಲ್ಲ. ಮನೆಯವರು ಬಾಗಿಲು ಹಾಕಿಕೊಂಡು ಹೊರಟರೆ ಟಾಫಿ ಬೆಳೆದ ಮೇಲೂ ನಡುಗುತ್ತಿತ್ತು. "ಇದು ಪೂರ್ತಿ ಹೋಗಲಿಕ್ಕಿಲ್ಲ. ಒಂಟಿಯಾಗಿ ಬಿಡಬೇಡಿ, ಆರಾಮಾಗಿ ಬಾಳ್ತದೆ," ಎಂದು ಕುಶಲ ಮೊದಲೇ ಹೇಳಿದ್ದರು. ಹಾಗೆಯೇ ಬಾಳಿತು. ಕೆಲಸ ಮುಗಿದು ಚಂದ್ರಬಾಯಿಯ ಗುಂಪು ಠಾಣೆಯಾಚೆಯ ಕಲ್ಯಾಣ ಊರಿನ ಕೆಲಸಕ್ಕೆ ಹೊರಟಾಗ ಬಿಜಲಿಯೂ ಟೆಂಪೋ ಹತ್ತಿತು. ಸುಜನ್ ಟಾಫಿಯನ್ನು ಕರೆದುಕೊಂಡು ಅಲ್ಲಿಗೂ ಹೋಗಿಬರುತ್ತಿದ್ದ.

ಕುಶಲ ಅಷ್ಟಕ್ಕೇ ಬಿಡಲಿಲ್ಲ. ಮರಿ ಮಾರಿದ ಶಂಭುವನ್ನು ಹುಡುಕಿಕೊಂಡು ಡೊಂಬಿವಲಿಗೆ ಹೋದರು.

"ಗಿರಾಕಿಗಳಿಗೆ ಸಣ್ಣ ಮರೀನೇ ಬೇಕ್ರಿ ಮೇಡಂ," ಎಂದ ಅವನು.

"ಗಿರಾಕಿಗಳಿಗೆ ನಾನು ಹೇಳ್ತೇನೆ. ತಾಯಿಯ ಹತ್ತಿರವೇ ಮರಿ ತೋರಿಸು, ಎರಡು ತಿಂಗಳಾದ ಮೇಲೆ ಕೊಡು. ಇಲ್ಲದಿದ್ದರೆ ನಿನ್ನಲ್ಲಿ ಯಾರೂ ಕೊಳ್ಳದ ಹಾಗೆ ಮಾಡುತ್ತೇನೆ."

ಹೇಳಿದಂತೆ ನವಿ ಮುಂಬೈಯಿಂದ ಠಾಣೆಯವರೆಗೆ ಗೊತ್ತಿದ್ದ ವೈದ್ಯರಿಗೆಲ್ಲ ವಿಷಯ ಮುಟ್ಟಿಸಿದರು. ಶಂಭು ಗೊಣಗುತ್ತಲೇ ಒಪ್ಪಿದ. ಮರಿ ಸತ್ತಿತೆಂದು ಜಗಳಕ್ಕೆ ಬರುವವರು ಕಡಿಮೆಯಾದ ಮೇಲೆ ಗೊಣಗಾಟವೂ ನಿಂತಿತು. ಉಳಿದ ಮಾರಾಟಗಾರರು ಹಳೆಯ ದಾರಿ ಬಿಡಲಿಲ್ಲ. ಅಂಥ ಮರಿಗಳು ಕ್ಲಿನಿಕ್ಕಿಗೆ ಬರುತ್ತಲೇ ಇದ್ದವು. ಕೋಪರಿಯಿಂದ ಕಲ್ಯಾಣದವರೆಗೆ ಎಲ್ಲಿ ಯಾವ ನಾಯಿ ಹಾಲೂಡಿಸುತ್ತಿದೆ ಎಂದು ವಿಚಾರಿಸಲು ಕುಶಲ ಫೋನ್ ಕೈಗೆತ್ತಿಕೊಳ್ಳುತ್ತಿದ್ದರು.